ಗಣೇಶನ ಪೆಂಡಾಲಿನ ಪಿಕ್ಸೆಲ್ ಲೈಟು, ಮಳೆ, ಕನೆಕ್ಟರ್: ಎಲೆಕ್ಟ್ರಿಷಿಯನ್ ಜೊತೆ ಪ್ರಶ್ನೋತ್ತರ

ಹಾಸನದ ಸದಸ್ಯ: ಸರ್, ನಮ್ಮದು 5 ವೋಲ್ಟಿನ ಪಿಕ್ಸೆಲ್, ಅಂದರೆ ಒಂದೊಂದು ಬಲ್ಬಿನ ಬಣ್ಣವನ್ನೂ ಬೇರೆ ಬೇರೆಯಾಗಿ ಬದಲಿಸಬಹುದಾದ ಎಲ್ಇಡಿ ಸರ. 50 ಬಲ್ಬಿನ ನಾಲ್ಕು ಸರ ಜೋಡಿಸಿದ್ದೇವೆ. ಬಿಳಿ ಬಣ್ಣ ಹಾಕಿದರೆ ಕೊನೆಯ ಸರ ಕೆಂಪಾಗಿ ಕಾಣುತ್ತದೆ. ಬಲ್ಬ್ ಹೋಗಿದೆಯಾ?

ಎಲೆಕ್ಟ್ರಿಷಿಯನ್: ಬಲ್ಬ್ ಚೆನ್ನಾಗಿದೆ. ತುದಿ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಇಳಿದಿದೆ. ಪೂರ್ತಿ ಬಿಳಿ ಹಾಕಿದರೆ ಒಂದು ಸರವೇ ಸುಮಾರು 3 ಆಂಪಿಯರ್ ಎಳೆಯುತ್ತದೆ. ಪ್ರತಿ ಸರದ ಶುರುವಿಗೂ ದಪ್ಪ ವೈರಿನಲ್ಲಿ ಬೇರೆಯಾಗಿ ಪವರ್ ಕೊಡಿ.

ಮಂಡ್ಯದ ಸದಸ್ಯೆ: ಕನೆಕ್ಟರಿಗೆ ವ್ಯಾಸಲೀನ್ ತುಂಬಿ, ಪ್ಲಾಸ್ಟಿಕ್ ಕವರ್ ಸುತ್ತಿ ಟೇಪ್ ಹಾಕಿದರೆ ನೀರೇ ಇಳಿಯಲ್ಲ ಅಂತ ಫಾರ್ವರ್ಡ್ ಬಂದಿದೆ. ಮಾಡಬಹುದಾ?

ಎಲೆಕ್ಟ್ರಿಷಿಯನ್: ಬೇಡಮ್ಮ. ವ್ಯಾಸಲೀನ್‌ಗೆ ಒಳಗಿನ ರಬ್ಬರ್ ರಿಂಗ್ ಉಬ್ಬಬಹುದು. ಕವರ್ ಒಳಗೆ ಹೋದ ನೀರು ಹೊರಗೆ ಬರಲ್ಲ. ಹೋದ ವರ್ಷ ಇಂಥದೇ ಒಂದನ್ನು ಬಿಚ್ಚಿದೆ. ಎರಡು ಚಮಚ ನೀರು, ಪಿನ್ನಿನ ಸುತ್ತ ಹಸಿರು ಪುಡಿ. ಪ್ಲಸ್ ಪಿನ್ ಸವೆದು ಸೂಜಿಯಾಗಿತ್ತು, ಮೈನಸ್ ಹಾಗೇ ಇತ್ತು. ಡಿಸಿ ಕರೆಂಟಿಗೆ ನೀರು ಸಿಕ್ಕರೆ ಮೊದಲು ಸವೆಯುವುದು ಪ್ಲಸ್ಸೇ. ಐಪಿ67 ಕನೆಕ್ಟರ್ (ನೀರು ಒಳಗೆ ಬಿಡದ ದರ್ಜೆಯದು) ತಗೊಂಡು ನಟ್ ಪೂರ್ತಿ ಬಿಗಿ ಮಾಡಿ. ವೈರ್ ಕನೆಕ್ಟರಿಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೆ ಬರಲಿ. ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ತುಮಕೂರಿನ ಸದಸ್ಯ: ವೈರ್ ಬೆಸೆದ ಕಡೆ ಸಿಲಿಕೋನ್ ಹಚ್ಚಲಾ?

ಎಲೆಕ್ಟ್ರಿಷಿಯನ್: ಹುಳಿ ವಾಸನೆ ಬರುವ ಸಿಲಿಕೋನ್ ತಾಮ್ರ ತಿನ್ನುತ್ತದೆ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ.

ಶಿವಮೊಗ್ಗದ ಸದಸ್ಯ: ಸರ್, ಮಳೆ ಬಂದ ಮೇಲೆ ಕಬ್ಬಿಣದ ಫ್ರೇಮ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. 12 ವೋಲ್ಟ್ ಅಲ್ವಾ, ಏನಾಗಲ್ಲ ಅಂತಾರೆ ಹುಡುಗರು. ಎಸ್‌ಎಂಪಿಎಸ್ (230 ವೋಲ್ಟನ್ನು 12 ವೋಲ್ಟ್ ಮಾಡುವ ಪವರ್ ಸಪ್ಲೈ) ಫ್ರೇಮಿಗೇ ಬಿಗಿದಿದ್ದೇವೆ.

ಎಲೆಕ್ಟ್ರಿಷಿಯನ್: ಮೊದಲು ಮೇನ್ ಇಳಿಸಿ. ಆಮೇಲೆ ಓದಿ. ಆ ಜುಮ್ 12 ವೋಲ್ಟಿನದು ಅಂತ ನಂಬಬೇಡಿ. 230 ವೋಲ್ಟ್ ಕಡೆಯಿಂದ ಬರುತ್ತಿರಬಹುದು. ಅರ್ಥ್ ಇಲ್ಲದಿದ್ದರೆ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್ ಮೂಲಕ ಅದರ ತಗಡಿನ ಮೈಗೆ ಸ್ವಲ್ಪ ಕರೆಂಟ್ ಬರುತ್ತದೆ. ಅಷ್ಟೇ ಆಗಿದ್ದರೆ ಬರೀ ಜುಮ್. ಆದರೆ ನೀರು ಒಳಗೆ ಹೋಗಿ ಫೇಸ್ ವೈರ್ ಮೈಗೆ ತಗುಲಿದ್ದರೆ ಫ್ರೇಮ್ ಪೂರ್ತಿ 230 ವೋಲ್ಟ್. ಯಾವುದು ಅಂತ ಮುಟ್ಟಿ ತಿಳಿಯಲು ಆಗಲ್ಲ. ಒದ್ದೆ ನೆಲ, ಬರಿಗಾಲು, ಆರತಿಗೆ ನಿಂತ ಮಕ್ಕಳು. ಯೋಚನೆ ಮಾಡಿ. ಎಸ್‌ಎಂಪಿಎಸ್‌ಗೂ ಫ್ರೇಮಿಗೂ ಅರ್ಥ್ ಬರಬೇಕು. ಮಳೆ ತಾಗದ ಮುಚ್ಚಿದ ಡಬ್ಬಿ ಬೇಕು, ವೈರ್ ಅದರ ತಳದಿಂದ ಒಳಗೆ ಹೋಗಬೇಕು. ಕರೆಂಟ್ ಸೋರಿದರೆ ತಾನೇ ಸಪ್ಲೈ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಪ್ಲಗ್ ಬಿಚ್ಚಿ ಅರ್ಥಿನ ಹಸಿರು ವೈರ್ ಇದೆಯಾ ನೋಡಿ ಹೇಳಿ.

ಮೈಸೂರಿನ ಸದಸ್ಯ: ಹಳೇ ಸೀರಿಯಲ್ ಸೆಟ್ ಹಾಕಿ ಸುಮ್ನೆ ಇರಬಹುದಿತ್ತು. ಗಣಪತಿಗೆ ಪಿಕ್ಸೆಲ್ ಬೇಕಿತ್ತಾ?

ಹಾಸನದ ಸದಸ್ಯ: ಸೀರಿಯಲ್ ಸೆಟ್ ಓಡುವುದೇ 230 ವೋಲ್ಟಿನಲ್ಲಿ. ಬಲ್ಬ್ ಒಡೆದರೆ ಅದೂ ಶಾಕೇ.

ಮೈಸೂರಿನ ಸದಸ್ಯ: 20 ವರ್ಷದಿಂದ ಹಾಕುತ್ತಿದ್ದೇನೆ. ನನಗೆ ಹೇಳಿಕೊಡಬೇಡಿ.

ಹಾಸನದ ಸದಸ್ಯ: ಇಷ್ಟು ದಿನ ಏನೂ ಆಗಿಲ್ಲ ಅಂದ ಮಾತ್ರಕ್ಕೆ ಅದು ಸರಿ ಅಂತಲ್ಲ.

ಚಿತ್ರದುರ್ಗದ ಸದಸ್ಯ: ಕಂಟ್ರೋಲರ್ ಯಾವುದು ತಗೊಳ್ಳಲಿ ಸರ್? 3 ಸಾವಿರದ ಒಳಗೆ.

ಬೆಳಗಾವಿಯ ಸದಸ್ಯ: ನಮ್ಮದೂ ಕೊನೆಯ ಬಲ್ಬುಗಳು ಕೆಂಪಾಗಿವೆ, ಯಾಕೆ?

ಎಲೆಕ್ಟ್ರಿಷಿಯನ್: ಮೊದಲನೇ ಉತ್ತರ ಓದಿ.

ಮಂಡ್ಯದ ಸದಸ್ಯೆ: ಮೇಣ ಕರಗಿಸಿ ಸುರಿಯುವ ವಿಡಿಯೋ ಬಂದಿದೆ, ಅದಾದರೂ ಆಗುತ್ತಾ?

ಎಲೆಕ್ಟ್ರಿಷಿಯನ್: ಆಗಲ್ಲ. ವೈರ್ ಅಲುಗಾಡಿದರೆ ಮೇಣ ಬಿರುಕು ಬಿಡುತ್ತದೆ. ದಯವಿಟ್ಟು ಇನ್ನು ಫಾರ್ವರ್ಡ್ ತರಬೇಡಿ. ಶಿವಮೊಗ್ಗದವರೇ, ಮೇನ್ ಇಳಿಸಿದ್ರಾ?

ಮೈಸೂರಿನ ಸದಸ್ಯ: ಸೀರಿಯಲ್ ಸೆಟ್ ಬಗ್ಗೆ ನೀವೇ ಹೇಳಿ ಸರ್.

ಎಲೆಕ್ಟ್ರಿಷಿಯನ್: ಸ್ವಲ್ಪ ಸುಮ್ಮನಿರಿ. ಅವರು ಮಾತಾಡಲಿ.

ಶಿವಮೊಗ್ಗದ ಸದಸ್ಯ: ಇಳಿಸಿದೆ ಸರ್. ಎರಡು ಪಿನ್ನಿನ ಪ್ಲಗ್ ಹಾಕಿದ್ದಾರೆ. ಹಸಿರು ವೈರ್ ಕತ್ತರಿಸಿ ಟೇಪ್ ಸುತ್ತಿದೆ.

ಎಲೆಕ್ಟ್ರಿಷಿಯನ್: ಇವತ್ತು ಎಣ್ಣೆ ದೀಪದಲ್ಲೇ ಆರತಿ ಮಾಡಿ. ಲೈಸೆನ್ಸ್ ಇರುವವರು ಬಂದು ಮೀಟರ್ ಇಟ್ಟು ನೋಡುವವರೆಗೆ ಮೇನ್ ಏರಿಸಬೇಡಿ.