ಲಾವೋ ಲಿಪಿಯ 3747, 3749: ಎರಡಕ್ಕೂ ‘ಲೊ’ ಎಂದೇ ಹೆಸರಿದೆ, ರಕಾರ ಎಲ್ಲಿ?

ಕುಂಬಳೆ_ಡಿಟಿಪಿ:
ಲಾವೋಸಿನ ಊರಹೆಸರುಗಳನ್ನು ಕನ್ನಡಕ್ಕೆ ತರಲು ಪೈಥಾನ್ ಸ್ಕ್ರಿಪ್ಟ್ ಮಾಡಿದ್ದೇನೆ. ಪ್ರತಿ ಅಕ್ಷರದ ಯೂನಿಕೋಡ್ ಹೆಸರು ತೆಗೆದು, ಅದರ ಮೊದಲ ವ್ಯಂಜನಕ್ಕೆ ಕನ್ನಡ ಅಕ್ಷರ ಹಾಕುತ್ತದೆ. ಲುವಾಂಗ್ ಪ್ರಬಾಂಗ್‌ನ ಹಳೇ ಕಾಗುಣಿತದಲ್ಲಿ ‘ಪ್ರ’ ಬರಬೇಕಾದಲ್ಲಿ ಲಕಾರ ಬರುತ್ತಿದೆ. ನೋಡಿದರೆ 3747ಕ್ಕೆ ‘ಲೊ ಲಿಂಗ್’, 3749ಕ್ಕೆ ‘ಲೊ ಲೂಟ್’ ಎಂದು ಹೆಸರು. (ಸಂಖ್ಯೆಗಳೆಲ್ಲ ಅಕ್ಷರಗಳ ಯೂನಿಕೋಡ್ ಸಂಕೇತಸಂಖ್ಯೆಗಳು, ದಶಮಾನದಲ್ಲಿವೆ.) ಕೆಲವು ಕಡೆ ಸ್ವರವೂ ವ್ಯಂಜನಕ್ಕಿಂತ ಮೊದಲೇ ಬಂದು ಕೂರುತ್ತದೆ. ಗೊತ್ತಿದ್ದವರು ಹೇಳಿ.

ಬದಿಯಡ್ಕ_ಲಿಪಿ:
ಸ್ಕ್ರಿಪ್ಟ್ ಸರಿಯಿದೆ, ಹೆಸರೇ ತಪ್ಪು. 3747 ನಿಜಕ್ಕೂ ರಕಾರ, 3749 ಲಕಾರ. ನಮ್ಮ ‘ಅ ಅಗಸ’ದ ಹಾಗೆ ಅಲ್ಲಿಯೂ ಅಕ್ಷರಕ್ಕೊಂದು ಪದ ಸೇರಿಸಿ ಕಲಿಸುತ್ತಾರೆ. ಲಿಂಗ್, ಅಂದರೆ ಕೋತಿ, 3749ಕ್ಕೆ ಸೇರಿದ್ದು. ಪಟ್ಟಿ ಮಾಡುವಾಗ ಎರಡರ ಪದ ಅದಲುಬದಲಾಗಿ, ರಕಾರಕ್ಕೂ ‘ಲೊ’ ಅಂಟಿಕೊಂಡಿತು.

ಯೂನಿಕೋಡಿನವರು ಇದನ್ನು ತಿದ್ದಲಾರರು. 1996ರ 2.0 ಆವೃತ್ತಿಯಿಂದ ಈಚೆಗೆ ಒಮ್ಮೆ ಕೊಟ್ಟ ಹೆಸರು ಬದಲಾಗುವಂತಿಲ್ಲ. ಬೇರೆ ಬೇರೆ ಮಾನಕಗಳೂ ತಂತ್ರಾಂಶಗಳೂ ಅದನ್ನೇ ಗುರುತಾಗಿ ಹಿಡಿದಿರುತ್ತವೆ. ಬದಲಿಗೆ ‘ನೇಮ್ ಅಲಿಯಾಸಸ್’ ಎಂಬ ಕಡತದಲ್ಲಿ ತಿದ್ದುಪಡಿ ಹೆಸರು ಸೇರಿಸಿದ್ದಾರೆ: 3747ಕ್ಕೆ ‘ಲಾವೋ ಲೆಟರ್ ರೊ’, 3749ಕ್ಕೆ ‘ಲಾವೋ ಲೆಟರ್ ಲೊ’. ಪೈಥಾನ್ 3.3ರಿಂದ ‘ಲುಕ್‌ಅಪ್’ಗೆ (ಹೆಸರಿನಿಂದ ಅಕ್ಷರ ಹುಡುಕುವ ಫಂಕ್ಷನ್) ಈ ಹೊಸ ಹೆಸರು ಕೊಟ್ಟರೂ ಅಕ್ಷರ ಸಿಗುತ್ತದೆ. ಆದರೆ ‘ನೇಮ್’ ಫಂಕ್ಷನ್ ಇವತ್ತಿಗೂ ಹಳೇ ತಪ್ಪು ಹೆಸರನ್ನೇ ಕೊಡುತ್ತದೆ. ನೀವು ಸಿಕ್ಕಿಬಿದ್ದದ್ದು ಅಲ್ಲೇ.

ಇದಕ್ಕಿಂತ ಅಪಾಯದ್ದು 3741 ಮತ್ತು 3743ರ ಜೋಡಿ. ಎರಡೂ ತುಟಿ-ಹಲ್ಲಿನ ಫಕಾರ, ಕನ್ನಡದಲ್ಲಿ ನುಕ್ತಾ ಹಾಕಿ ಫ಼ ಎಂದು ಬರೆಯುವಂಥದು. 3741ರ ಹೆಸರು ‘ಫೊ ತಮ್’, 3743ರದ್ದು ‘ಫೊ ಸುಂಗ್’. ತಮ್ ಅಂದರೆ ತಗ್ಗು, ಸುಂಗ್ ಅಂದರೆ ಎತ್ತರ. ಪದದ ನಾದ (ದನಿಯ ಏರಿಳಿತ) ವ್ಯಂಜನದ ಈ ವರ್ಗವನ್ನೂ ಅವಲಂಬಿಸಿದೆ. ವಾಸ್ತವದಲ್ಲಿ 3741 ಎತ್ತರದ ವರ್ಗ, 3743 ತಗ್ಗಿನದು. ಬರೀ ಲಿಪ್ಯಂತರಕ್ಕೆ ಬಾಧಕವಿಲ್ಲ. ಹೆಸರು ನೋಡಿ ನಾದ ಲೆಕ್ಕ ಹಾಕಿದರೆ ತಲೆಕೆಳಗಾಗುತ್ತದೆ. ಹೆಸರಿನ ಗೊಡವೆಯೇ ಬೇಡ, ಸಂಖ್ಯೆಯಿಂದ ಕನ್ನಡಕ್ಕೆ ನಿಮ್ಮದೇ ಕೋಷ್ಟಕ ಮಾಡಿ.

ಸ್ವರದ ವಿಷಯ: ಲಾವೋದಲ್ಲಿ 3776ರಿಂದ 3780ರವರೆಗಿನ ಐದು ಸ್ವರಗಳು ಕಣ್ಣಿಗೆ ಕಾಣುವ ಕ್ರಮದಲ್ಲೇ, ವ್ಯಂಜನಕ್ಕಿಂತ ಮೊದಲು ಕಡತದಲ್ಲಿ ಕೂರುತ್ತವೆ. ನಮ್ಮಲ್ಲಿ ‘ಕೆ’ ಎಂದರೆ ಮೊದಲು ಕ, ಆಮೇಲೆ ಎತ್ವ. ಆದ್ದರಿಂದ ಈ ಐದನ್ನು ಮುಂದಿನ ವ್ಯಂಜನ ದಾಟಿಸಬೇಕು. 3755ರ (ಹಕಾರ) ಬೆನ್ನಿಗೆ 3772 (ಲಕಾರದ ಚಿಹ್ನೆ) ಬಂದರೆ ಎರಡನ್ನೂ ದಾಟಿಸಿ. ಅಲ್ಲಿನ ಹಕಾರ ನಾದದ ಗುರುತು ಮಾತ್ರ, ಓದುವಾಗ ‘ಲ’ ಅಷ್ಟೇ. ‘ಲುವಾಂಗ್’ ಶುರುವಾಗುವುದೇ ಈ ಜೋಡಿಯಿಂದ.

ಕುಂಬಳೆ_ಡಿಟಿಪಿ:
ಕೋಷ್ಟಕ ಹಾಕಿದ ಮೇಲೆ ರಕಾರ ಬಂತು. ಆದರೆ ಹೊಸ ಕಡತಗಳಲ್ಲಿ ‘ಪ್ರಬಾಂಗ್’ನ ರ ಇಲ್ಲವೇ ಇಲ್ಲವಲ್ಲ?

ಬದಿಯಡ್ಕ_ಲಿಪಿ:
ಈಗಿನ ಕಾಗುಣಿತದಲ್ಲಿ ಅದು ಬಿಟ್ಟುಹೋಗಿದೆ. 1975ರ ನಂತರ ರಕಾರವನ್ನು ವರ್ಣಮಾಲೆಯಿಂದಲೇ ಕೈಬಿಟ್ಟಿದ್ದರು, ಆಮೇಲೆ ಮುಖ್ಯವಾಗಿ ವಿದೇಶಿ ಹೆಸರುಗಳಿಗೆಂದು ಮರಳಿತು. ಹಾಗಾಗಿ ಒಂದೇ ಹೆಸರು ಎರಡು ಬಗೆಯಲ್ಲಿ ಸಿಗುತ್ತದೆ. ಹುಡುಕಾಟದ ಸೂಚಿಯಲ್ಲಿ ಮಾತ್ರ 3747ನ್ನು 3749 ಎಂದೇ ಎಣಿಸಿ, ಮೂಲ ಪಠ್ಯ ಮುಟ್ಟಬೇಡಿ. ಪಠ್ಯವನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ವಿಧಾನಗಳಲ್ಲಿ ಎನ್‌ಎಫ್‌ಕೆಸಿಯೂ ಬೇಡ, ಎನ್‌ಎಫ್‌ಸಿ ಸಾಕು. ಎನ್‌ಎಫ್‌ಕೆಸಿ 3763ನ್ನು (‘ಅಂ’ ಸ್ವರ) 3789 ಮತ್ತು 3762 ಎಂದು ಒಡೆಯುತ್ತದೆ. ನಡುವೆ ನಾದಚಿಹ್ನೆ ಇದ್ದ ಪದಗಳು ಆಮೇಲೆ ಹೊಂದುವುದಿಲ್ಲ.

ಮಂಜೇಶ್ವರ_128:
ಲಾವೋಸಿನವರನ್ನು ನೋಡಿ ನಗುವ ಹಾಗಿಲ್ಲ ಮಾರಾಯ್ರೇ, ನಮ್ಮ ಹಳಗನ್ನಡದ ೞ ಕೂಡ ಅದೇ ಅಲಿಯಾಸ್ ಪಟ್ಟಿಯಲ್ಲಿದೆ. ಅದು 3294, ಯೂನಿಕೋಡಿನಲ್ಲಿ ಹೆಸರು ‘ಕನ್ನಡ ಲೆಟರ್ ಫ’! ಯೂನಿಕೋಡಿನಲ್ಲಿ ಈ ಭಾರತೀಯ ಲಿಪಿಗಳಿಗೆ ತಲಾ 128 ಮನೆ, ಅಕ್ಷರಗಳು ಹೆಚ್ಚಾಗಿ ಒಂದೇ ಕ್ರಮದಲ್ಲಿವೆ. ದೇವನಾಗರಿಯ ನುಕ್ತಾ ಫಕಾರ 2398ರಲ್ಲಿದೆ. ಅದಕ್ಕೆ ಏಳು ಸಲ 128 ಕೂಡಿಸಿದರೆ ಸರಿಯಾಗಿ ಈ ಮನೆಗೇ ಬರುತ್ತದೆ.

ಇಲ್ಲಿ ಮಲಯಾಳಂ ನೋಟಿಸುಗಳನ್ನು 128 ಕಳೆದು ಕನ್ನಡಕ್ಕೆ ತಿರುಗಿಸುವವರು ಇದನ್ನು ಗಮನಿಸಿ. ಮಲಯಾಳಂ ೞಕಾರ 3380. 128 ಕಳೆದರೆ 3252, ಕನ್ನಡದಲ್ಲಿ ಖಾಲಿ ಮನೆ. ‘ಚಂದ್ರಗಿರಿ ಪುೞ’ದ ಕೊನೆಗೆ ಡಬ್ಬ ಕಾಣುವುದು ಅದಕ್ಕೇ. ಚಿಲ್ಲಕ್ಷರಗಳು (ಸ್ವರವಿಲ್ಲದ ವ್ಯಂಜನಗಳ ಮಲಯಾಳಂ ರೂಪ, 3450ರಿಂದ 3455) ಸಹ ಹಾಗೆಯೇ. ಚಿಲ್ಲು ಹಾಕಿ ಬರೆದ ‘ಕಾಸರ್‌ಗೋಡ್’ ನಡುವೆಯೇ ಮುರಿಯುತ್ತದೆ. ಕಳೆಯುವ ಮೊದಲೇ 3380ನ್ನು 3294ಕ್ಕೆ, ಪ್ರತಿ ಚಿಲ್ಲನ್ನು ಅದರ ವ್ಯಂಜನ ಮತ್ತು ವಿರಾಮಚಿಹ್ನೆ (್) 3277ಕ್ಕೆ ಬದಲಿಸಿ. ಮುಂದೆ ವ್ಯಂಜನ ಇದ್ದರೆ ವಿರಾಮದ ನಂತರ 8204 (ಅಕ್ಷರಗಳು ಕೂಡದಂತೆ ತಡೆಯುವ ಕಾಣದ ಗುರುತು) ಹಾಕಿ, ಇಲ್ಲದಿದ್ದರೆ ಒತ್ತಕ್ಷರವಾಗಿಬಿಡುತ್ತದೆ.