ಬಾರ್ಕೂರಿನಿಂದ ಹಂಗಾರಕಟ್ಟೆವರೆಗೆ ಹೊಳೆಬದಿ ನಡಿಗೆ: ಮೊಣಕಾಲು ನೋವಿದ್ದವರಿಗೆ ಆಗ್ತದಾ?

ಕೇಳಿದವರು: ಕುಡ್ಲದಿಂದ

ಮಂಗಳೂರಿನಿಂದ ಬೆಳಿಗ್ಗೆ ಹೊರಟು ಸಂಜೆಯೊಳಗೆ ವಾಪಸ್ ಬರುವ ಹಾಗೆ ಹೊಳೆಬದಿಯ ಒಂದು ನಿಧಾನದ ನಡಿಗೆ ಬೇಕು. ಕುಮಾರಪರ್ವತ, ಗಡಾಯಿಕಲ್ಲು ಅಂತ ದಯವಿಟ್ಟು ಹೇಳಬೇಡಿ. ಐದು ಜನ ಇದ್ದೇವೆ. ಇಬ್ಬರು ಅರವತ್ತು ದಾಟಿದವರು. ಅವರಲ್ಲೊಬ್ಬರಿಗೆ ಮೊಣಕಾಲು ನೋವು, ಸಮತಟ್ಟು ಇದ್ದರೆ ಎಷ್ಟು ಹೊತ್ತು ಬೇಕಾದರೂ ನಡೀತಾರೆ, ಮೆಟ್ಟಿಲು ಮಾತ್ರ ಆಗುವುದಿಲ್ಲ. ಒಂಬತ್ತು ವರ್ಷದ ಮಗುವೂ ಉಂಟು. ಹಳೇ ಊರು, ಬಸದಿ, ಶಾಸನ ಎಲ್ಲ ನೋಡುವ ಆಸೆ. ಕಾರಿಲ್ಲ, ಬಸ್ಸೇ ಗತಿ. ಡಿಸೆಂಬರ್ ಕೊನೆ ಅಥವಾ ಜನವರಿ. ಬಾರ್ಕೂರು, ಸೀತಾನದಿ ಅಂತ ಹೇಳುವುದು ಕೇಳಿದೆ. ಎಲ್ಲಿಂದ ಶುರು ಮಾಡಬೇಕು, ಎಷ್ಟು ಹೊತ್ತು ಬೇಕು, ಎಲ್ಲಿ ತೊಂದರೆ ಆಗಬಹುದು?

ಉತ್ತರ: ಸೀತಾತೀರ

ಧಾರಾಳ ಆಗ್ತದೆ. ಆದರೆ ಪೂರ್ತಿ ಒಂದೇ ದಾರಿ ಅಂತ ಲೆಕ್ಕ ಹಾಕಬೇಡಿ, ಎರಡು ತುಂಡು ಮಾಡಿ. ಮೊದಲನೆಯದು ಬಾರ್ಕೂರಿನ ಕೇರಿಗಳು ಮತ್ತು ಹೊಳೆಬದಿ. ಎರಡನೆಯದು ಮಾಬುಕಳದಿಂದ ಹಂಗಾರಕಟ್ಟೆ. ನಡುವಿನ ದಾರಿಗೆ ರಿಕ್ಷಾ ಮಾಡಿ, ಅದನ್ನು ನಡೆದು ಸಿಗುವ ಲಾಭ ಏನೂ ಇಲ್ಲ.

ದಿಕ್ಕು ಮುಖ್ಯ. ಬೆಳಿಗ್ಗೆ ಬಾರ್ಕೂರಿನಿಂದ ಪಡುವಣಕ್ಕೆ ಬಂದರೆ ಬಿಸಿಲು ಬೆನ್ನಿಗೆ. ಹನ್ನೊಂದರ ನಂತರ ಕಡಲಗಾಳಿ ಎದ್ದರೆ ಅದು ಮುಖಕ್ಕೆ. ಇದನ್ನೇ ತಿರುಗಿಸಿ ಕಡಲಿನಿಂದ ಮೂಡಕ್ಕೆ ಹೊರಟವರಿಗೆ ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡೀತದೆ, ಗಾಳಿ ಬರುವ ಹೊತ್ತಿಗೆ ಅದು ಬೆನ್ನ ಹಿಂದೆ, ಬೆವರು ಆರುವುದೇ ಇಲ್ಲ.

ಸ್ಟೇಟ್‌ಬ್ಯಾಂಕಿನಿಂದ (ಮಂಗಳೂರಿನ ಬಸ್ ನಿಲ್ದಾಣ) ಕುಂದಾಪುರ ಕಡೆಗೆ ಹೋಗುವ ಬಸ್ಸು ಹತ್ತಿ ಬ್ರಹ್ಮಾವರದಲ್ಲಿ ಇಳಿಯಿರಿ, ಹೆಚ್ಚುಕಡಿಮೆ ಎರಡು ಗಂಟೆ. ಬೆಳಗಿನ ತಿಂಡಿ, ಶೌಚಾಲಯ ಎರಡೂ ಬ್ರಹ್ಮಾವರದಲ್ಲೇ ಮುಗಿಸಿಕೊಳ್ಳಿ, ಮುಂದೆ ಎರಡಕ್ಕೂ ಪರದಾಟ. ಅಲ್ಲಿಂದ ಬಾರ್ಕೂರು ನಾಲ್ಕು ಕಿ.ಮೀ., ಬಸ್ಸು ಉಂಟು, ರಿಕ್ಷಾವೂ ಉಂಟು. ಬಾರ್ಕೂರಿಗೆ ಕೊಂಕಣ ರೈಲ್ವೆಯ ನಿಲ್ದಾಣ ಇದ್ದರೂ ನಿಲ್ಲುವ ರೈಲು ಕೆಲವೇ, ಅದನ್ನು ನಂಬಿ ಹೊರಡಬೇಡಿ.

ಮಗು, ಹಿರಿಯರು ಇದ್ದಾಗ ಗಂಟೆಗೆ ಮೂರು ಕಿ.ಮೀ. ಅಂತ ಇಟ್ಟುಕೊಳ್ಳಿ. ಎಂಟಕ್ಕೆ ಬಾರ್ಕೂರಿನಲ್ಲಿ ಶುರು ಮಾಡಿದರೆ ಹತ್ತೂಕಾಲಿಗೆ ಮೊದಲ ತುಂಡು ಆಯ್ತು. ಹತ್ತೂವರೆಗೆ ಮಾಬುಕಳ, ಹನ್ನೆರಡರೊಳಗೆ ಹಂಗಾರಕಟ್ಟೆ. ಮಾಬುಕಳದಲ್ಲಿ ರಾಷ್ಟ್ರೀಯ ಹೆದ್ದಾರಿ 66 ಅಡ್ಡ ಬರ್ತದೆ. ರಿಕ್ಷಾದವರಿಗೆ ಹೆದ್ದಾರಿಯ ಪಡುಬದಿಗೇ ಇಳಿಸಲು ಹೇಳಿ. ನಡೆದು ದಾಟುವ ಉಸಾಬರಿ ಬೇಡ, ಸೇತುವೆ ಮೇಲೆ ನಿಂತು ಫೋಟೋ ತೆಗೆಯುವುದಂತೂ ಬೇಡವೇ ಬೇಡ.

ನೀರು ತಲೆಗೆ ಎರಡು ಲೀಟರ್. ಜನವರಿ ಅಂದರೆ ಚಳಿಗಾಲ ಅಂತ ಘಟ್ಟದ ಮೇಲಿನವರು ಅಂದುಕೊಳ್ತಾರೆ, ನಮ್ಮಲ್ಲಿ ಹತ್ತು ಗಂಟೆಗೇ ಅಂಗಿ ಒದ್ದೆ. ಒಂದು ಲೀಟರಿಗೆ ಒಂದು ಓಆರ್‌ಎಸ್ ಪೊಟ್ಟಣ, ಅರ್ಧ ಲೀಟರಿಗೆ ಇಡೀ ಪೊಟ್ಟಣ ಸುರಿದರೆ ಉಪ್ಪು ಹೆಚ್ಚಾಗಿ ಮಗು ವಾಂತಿ ಮಾಡ್ತದೆ. ಬೊಂಡ (ಎಳನೀರು) ಸಿಕ್ಕಿದಲ್ಲಿ ಬಿಡಬೇಡಿ. ಉಂಬಳದ (ಜಿಗಣೆ) ಚಿಂತೆ ಇಲ್ಲ, ಅದೆಲ್ಲ ಆಗುಂಬೆ ಬದಿಗೆ.

ಉತ್ತರ: ಮುರಕಲ್ಲು

ಮೇಲಿನವರು ಬಾರ್ಕೂರಿಗೆ ಎರಡೂಕಾಲು ಗಂಟೆ ಕೊಟ್ಟಿದ್ದಾರೆ. ಕಡಿಮೆಯಾಯ್ತು ಅಂತ ನನ್ನ ಅಭಿಪ್ರಾಯ, ಆದರೆ ಮಗು ಇದ್ದರೆ ಅಷ್ಟೇ ಸರಿ.

ಅಲ್ಲಿಗೆ ಹೋಗುವ ಮೊದಲು ಒಂದು ತಿಳಿದಿರಲಿ: ಬಾರ್ಕೂರು ಅಂದರೆ ಒಂದು ಪೇಟೆ, ನಾಲ್ಕು ಗುಡಿ ಅಲ್ಲ. ಕರಾವಳಿ ಆಳಿದ ಆಳುಪ ಅರಸರ ರಾಜಧಾನಿಯಾಗಿತ್ತು. ವಿಜಯನಗರದ ಕಾಲಕ್ಕೆ ಕರಾವಳಿಯನ್ನು ಆಳಿದ್ದು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಅಂತ ಎರಡು ಭಾಗ ಮಾಡಿ. ಶಾಸನಗಳಲ್ಲಿ ‘ಬಾರಕೂರು ಗದ್ಯಾಣ’ ಅಂತ ನಾಣ್ಯದ ಹೆಸರೇ ಬರ್ತದೆ. ‘ಹತ್ತು ಕೇರಿಯ ಹಲರು’ ಅಂತಲೂ ಬರ್ತದೆ, ಅಂದರೆ ಹತ್ತು ಕೇರಿಗಳ ವರ್ತಕರ ಕೂಟ. ಆ ಕೇರಿಗಳಲ್ಲಿ ಹಲವು ಇವತ್ತಿಗೂ ಹೆಸರಿನಲ್ಲಿ ಬದುಕಿವೆ: ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ, ಭಂಡಾರಕೇರಿ. ಹಾಗಾಗಿ ದಾರಿ ಕೇಳುವಾಗ ದೇವಸ್ಥಾನದ ಹೆಸರಿಗಿಂತ ಕೇರಿಯ ಹೆಸರು ಹೇಳಿ. ‘ಸೋಮೇಶ್ವರ ಎಲ್ಲಿ’ ಅಂದರೆ ಯಾವ ಸೋಮೇಶ್ವರ ಅಂತ ತಿರುಗಿ ಕೇಳ್ತಾರೆ. ಊರಿನಲ್ಲಿ 365 ದೇವಸ್ಥಾನ ಇತ್ತು ಅಂತ ಜನ ಹೇಳುವುದು ಸುಮ್ಮನೆ ಅಲ್ಲ. 14ನೇ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ‘ಫಾಕನೂರು’ ಅಂತ ಬರೆದದ್ದೂ ಇದೇ ಊರನ್ನು. ಅಲ್ಲಿ ಒಳ್ಳೆಯ ಕಬ್ಬು ಬೆಳೀತದೆ ಅಂತ ಅವನು ಹೊಗಳಿದ್ದಾನೆ. ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ಮುಚ್ಚಿ ಕೂತದ್ದನ್ನು ಅವನು ನೋಡಲಿಲ್ಲ, ಪುಣ್ಯ.

ಮೊದಲು ಕತ್ತಲೆ ಬಸದಿಗೆ ಹೋಗಿ, ಒಂಬತ್ತರ ಒಳಗೆ. ಕಾರಣ ಬೆಳಕು. ಶಿಲಾಶಾಸನದ ಅಕ್ಷರ ಸವೆದು ಒಂದು ಕೂದಲೆಳೆಯಷ್ಟು ಆಳ ಉಳಿದಿರ್ತದೆ. ಸೂರ್ಯ ಮೇಲೆ ಬಂದ ಮೇಲೆ ನೋಡಿದರೆ ಬರೀ ಬೋಳು ಕಲ್ಲು. ಅಡ್ಡ ಬಿಸಿಲು ಬಿದ್ದಾಗ ಪ್ರತಿ ಗೀರಿಗೂ ಒಂದು ನೆರಳು ಹುಟ್ಟಿ ಸಾಲುಗಳು ಎದ್ದು ಕಾಣ್ತವೆ. ಕಲ್ಲು ನೆರಳಿನಲ್ಲಿದ್ದರೆ ಮೊಬೈಲ್ ಟಾರ್ಚನ್ನು ಕಲ್ಲಿಗೆ ಹೆಚ್ಚುಕಡಿಮೆ ತಾಗಿಸಿ ಪಕ್ಕದಿಂದ ಬಿಡಿ, ಎದುರಿನಿಂದ ಅಲ್ಲ. ಸೀಮೆಸುಣ್ಣ ಉಜ್ಜಬೇಡಿ, ನೀರು ಹಾಕಿ ತಿಕ್ಕಬೇಡಿ. ಅಕ್ಷರದ ಅಂಚು ಹೋದರೆ ಮತ್ತೆ ಬರುವುದಿಲ್ಲ.

ಬಸದಿಯ ಮಾಡು (ಛಾವಣಿ) ನೋಡಲು ಮಗುವಿಗೆ ಹೇಳಿ. ಕಲ್ಲಿನ ಚಪ್ಪಡಿಯನ್ನೇ ಇಳಿಜಾರಾಗಿ ಒಂದರ ಮೇಲೊಂದು ಕೂರಿಸಿದ್ದು. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಘಟ್ಟದ ಮೇಲಿನ ಹಾಗೆ ಚಪ್ಪಟೆ ಮಾಡು ಕಟ್ಟಿದರೆ ನೀರು ಒಳಗೆ ಇಳೀತದೆ. ಮರ, ಮುಳಿಹುಲ್ಲಿನ ಮನೆಯ ಆಕಾರವನ್ನೇ ಕಲ್ಲಿನಲ್ಲಿ ಮಾಡಿದ್ದಾರೆ.

ಆಮೇಲೆ ಕೋಟೆಕೇರಿಯ ಪಂಚಲಿಂಗೇಶ್ವರ. ದೇವಸ್ಥಾನಗಳಿಗೆ ಮಧ್ಯಾಹ್ನದ ಪೂಜೆಯ ಮೊದಲೇ ಹೋಗಬೇಕು, ಆಮೇಲೆ ಬಾಗಿಲು ಹಾಕಿದರೆ ಸಂಜೆಗೇ ತೆರೆಯುವುದು. ಒಳಗೆ ಗಂಡಸರಿಗೆ ಅಂಗಿ ತೆಗೆಯಲು ಹೇಳಬಹುದು, ಒಂದು ಶಾಲು ಇಟ್ಟುಕೊಳ್ಳಿ. ಹತ್ತೂವರೆ ದಾಟಿದರೆ ಕಲ್ಲು ಹಾಸಿದ ಅಂಗಳ ಬರಿಗಾಲಿಗೆ ಸುಡ್ತದೆ, ಹಿರಿಯರು ನೆರಳಿನ ಬದಿಯಲ್ಲೇ ಸುತ್ತು ಬರಲಿ. ಕೋಟೆಯ ಅವಶೇಷದ ಒಳಗೆ ಪೊದೆ ಜಾಸ್ತಿ, ಅಂಚಿನಲ್ಲಿ ನಿಂತು ನೋಡಿದರೆ ಸಾಕು.

ಉತ್ತರ: ಕಡವಿನ ಬದಿ

ಹೊಳೆ ವಿಷಯ ಯಾರೂ ಹೇಳಲಿಲ್ಲ. ಬಾರ್ಕೂರಿನ ಕೆಳಗೆ ಸೀತೆ ಬರೀ ಹೊಳೆ ಅಲ್ಲ, ಅರ್ಧ ಕಡಲು. ಉಬ್ಬರ ಇಳಿತ ದಿನಕ್ಕೆ ಎರಡೆರಡು ಸಲ, ಪ್ರತಿ ದಿನ ಸುಮಾರು 50 ನಿಮಿಷ ಹಿಂದಕ್ಕೆ ಹೋಗ್ತದೆ. ಅಂದಾಜಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ: ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ನೀರು ತುಂಬುವುದು ನಡುಹಗಲು, ನಡುರಾತ್ರಿಯ ಹೊತ್ತಿಗೆ. ಅಷ್ಟಮಿ ಆಸುಪಾಸು ತುಂಬುವುದು ಬೆಳಿಗ್ಗೆ, ಸಂಜೆ, ನಡುಹಗಲಿಗೆ ಇಳಿತ. ಹೊರಡುವ ಮೊದಲು ಮಲ್ಪೆಯ ಉಬ್ಬರದ ಪಟ್ಟಿ ನೋಡಿ. ಹೊಳೆಯ ಒಳಗೆ ಅದಕ್ಕಿಂತ ಸ್ವಲ್ಪ ತಡ.

ಇದು ಯಾಕೆ ಬೇಕು ಅಂದರೆ, ಹಂಗಾರಕಟ್ಟೆಯಿಂದ ಕೋಡಿ ಬೆಂಗ್ರೆಗೆ ದೋಣಿಯಲ್ಲಿ ದಾಟುವ ಆಸೆ ನಿಮಗೆ ಖಂಡಿತ ಬರ್ತದೆ. ಸೀತಾ, ಸುವರ್ಣಾ ಎರಡೂ ಒಟ್ಟಾಗಿ ಕಡಲು ಸೇರುವ ಜಾಗ, ಬರದೆ ಇರುವುದಿಲ್ಲ. ನೀರು ತುಂಬಿದ್ದಾಗ ದೋಣಿಯ ಅಂಚು ಕಟ್ಟೆಗೆ ಸಮ, ಕಾಲು ಎತ್ತಿಟ್ಟರೆ ಆಯ್ತು. ಇಳಿತದಲ್ಲಿ ಅದೇ ದೋಣಿ ಒಂದು ಮೀಟರ್ ಕೆಳಗೆ. ಮೊಣಕಾಲು ನೋವಿದ್ದವರು ಒದ್ದೆ ಮೆಟ್ಟಿಲು ಇಳಿದು ಅಲ್ಲಾಡುವ ದೋಣಿಗೆ ಹಾರಬೇಕಾಗ್ತದೆ. ಹಾಗಾಗಿ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಹಿಂದುಮುಂದಿನ ದಿನ ಆರಿಸಿದರೆ ಹನ್ನೆರಡರ ಹೊತ್ತಿಗೆ ಕಡವಿನಲ್ಲಿ (ದೋಣಿ ಹತ್ತುವ ಜಾಗ) ನೀರು ತುಂಬಿ ನಿಂತಿರ್ತದೆ. ಆ ದಿನ ದೋಣಿ ಉಂಟಾ ಅಂತ ಮಾಬುಕಳದಲ್ಲೇ ಕೇಳಿಕೊಳ್ಳಿ. ಇಲ್ಲದಿದ್ದರೆ ಹಂಗಾರಕಟ್ಟೆಯಿಂದ ರಿಕ್ಷಾದಲ್ಲಿ ಹೆದ್ದಾರಿಗೆ ವಾಪಸ್.

ಹೊಳೆದಂಡೆಯ ಕಟ್ಟದ ಮೇಲೆ ನಡೆಯುವಾಗ ಸಿಗಡಿ ಹೊಂಡದ ಬದುಗಳಿಗೆ ಹತ್ತಬೇಡಿ, ಅದು ಖಾಸಗಿ ಜಾಗ, ಮಣ್ಣೂ ಸಡಿಲ. ತಡಮೆ (ಬೇಲಿ ದಾಟುವ ಕಿಂಡಿ) ದಾಟಿದರೆ ಅದನ್ನು ಇದ್ದ ಹಾಗೇ ಬಿಡಿ, ದಣಪೆ (ದಾರಿಗೆ ಅಡ್ಡ ಹಾಕಿದ ಗಳ) ಎಳೆದರೆ ಮತ್ತೆ ಹಾಕಿ, ಇಲ್ಲವಾದರೆ ದನ ಗದ್ದೆಗೆ ನುಗ್ತದೆ, ಬೈಗುಳ ನಿಮ್ಮ ನಂತರ ಬಂದವರಿಗೆ. ತೆಂಗಿನ ಕಾಂಡದ ಕಾಲುಸಂಕ ಸಿಕ್ಕಿದರೆ ಒಬ್ಬೊಬ್ಬರೇ ದಾಟಿ. ಇಬ್ಬರು ಒಟ್ಟಿಗೆ ಹೋದರೆ ನಡುವೆ ಬಳುಕಿ ಎರಡನೆಯವರ ಹೆಜ್ಜೆಗೆ ಮೊದಲನೆಯವರು ಎಗರ್ತಾರೆ. ಪಾದ ಅಡ್ಡ ಇಡಿ, ಕಣ್ಣು ಆಚೆ ತುದಿಯ ಮೇಲೆ. ಮೊಣಕಾಲು ನೋವಿನವರನ್ನು ಸಂಕಕ್ಕೆ ಹತ್ತಿಸಲೇ ಬೇಡಿ, ಸುತ್ತಿ ಬರುವ ರಸ್ತೆ ಯಾವಾಗಲೂ ಇರ್ತದೆ.

ಮಗುವನ್ನು ನೀರಿಗೆ ಇಳಿಸಬೇಡಿ. ದಡದಲ್ಲಿ ಮೊಣಕಾಲುದ್ದ ಕಾಣುವಲ್ಲೇ ಮರಳು ತೆಗೆದ ಹೊಂಡ ಇರಬಹುದು, ಎರಡನೇ ಹೆಜ್ಜೆಗೆ ಆಳ. ಕಲ್ಲಿಗೆ ಅಂಟಿದ ಚಿಪ್ಪು ಬ್ಲೇಡಿನ ಹಾಗೆ ಕೊಯ್ತದೆ, ಚಪ್ಪಲಿ ಸಾಲದು, ಹಳೇ ಶೂ ಹಾಕಿ. ಕಾಂಡ್ಲದ (ಉಪ್ಪುನೀರಿನಲ್ಲಿ ಬೆಳೆಯುವ ಮರ) ಬುಡದ ಕೆಸರು ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಮೆತ್ತಗೆ.

ಕೇಳಿದವರು: ಕುಡ್ಲದಿಂದ

ದೋಣಿಯ ಎತ್ತರದ ವಿಷಯ ತಲೆಗೇ ಹೋಗಿರಲಿಲ್ಲ, ಉಪಕಾರ ಆಯ್ತು. ಅಮಾವಾಸ್ಯೆಯ ಮರುದಿನ ನೋಡ್ತೇವೆ. ಅದೇ ದಿನ ಬಸ್ರೂರನ್ನೂ ಸೇರಿಸಬಹುದಾ? ಮತ್ತೆ ಕೋಡಿ ಬೆಂಗ್ರೆಯಿಂದ ವಾಪಸ್ ಹೇಗೆ?

ಉತ್ತರ: ಮುರಕಲ್ಲು

ಸೇರಿಸಬೇಡಿ. ಬಸ್ರೂರು ವಾರಾಹಿಯ ದಡದ ಬೇರೆಯೇ ಬಂದರು. 1665ರಲ್ಲಿ ಶಿವಾಜಿ ಕಡಲ ಮೇಲಿಂದ ಬಂದು ಲೂಟಿ ಮಾಡಿದ್ದು ಆ ಊರನ್ನು, ಅದಕ್ಕೆ ಅದರದೇ ಒಂದು ಬೆಳಗು ಕೊಡಬೇಕು. ಕುಂದಾಪುರದ ಬಸ್ರೂರು ಮೂರುಕೈಯಲ್ಲಿ ಇಳಿದು ಒಳಗೆ ಹೋಗಬೇಕು. ಮಹಾಲಿಂಗೇಶ್ವರ, ಆಲದ ಬೇರು ಗೋಡೆಯನ್ನೇ ಹಿಡಿದು ನಿಲ್ಲಿಸಿದ ತುಳುವೇಶ್ವರ, ಎರಡೂ ಸಮತಟ್ಟು ನೆಲದಲ್ಲೇ ಇವೆ. ನಿಮ್ಮವರಿಗೆ ಮುಂದಿನ ಸಲಕ್ಕೆ ಅದು ಚೆನ್ನಾಗಿ ಹೊಂದ್ತದೆ.

ಉತ್ತರ: ಸೀತಾತೀರ

ಕೋಡಿ ಬೆಂಗ್ರೆಯಿಂದ ಹೂಡೆ, ಕೆಮ್ಮಣ್ಣು ಮೇಲಾಗಿ ಉಡುಪಿಗೆ ಬಸ್ಸುಗಳು ಉಂಟು, ಆದರೆ ಸಾಲಾಗಿ ಇಲ್ಲ. ದೋಣಿ ಇಳಿದ ತಕ್ಷಣ ಅಂಗಡಿಯಲ್ಲಿ ಮುಂದಿನ ಬಸ್ಸಿನ ಹೊತ್ತು ಕೇಳಿ, ಆಮೇಲೆ ಅಳಿವೆ ನೋಡಲು ಹೋಗಿ. ಬಸ್ಸಿನಲ್ಲಿ ಎಡಬದಿ ಕೂತರೆ ಒಂದಷ್ಟು ದೂರ ಸುವರ್ಣಾ ಹೊಳೆ ಕಾಣ್ತದೆ, ಬಲಬದಿಗೆ ಕಡಲು. ಉಡುಪಿಯಲ್ಲಿ ಮಂಗಳೂರು ಬಸ್ಸಿಗೆ ಸರ್ವಿಸ್ ಬಸ್‌ಸ್ಟ್ಯಾಂಡಿಗೆ ಬರಬೇಕು.

ಹೆಸರಿನ ಗೊಂದಲ ಒಂದು. ಫೋನಿನಲ್ಲಿ ಯಾರಿಗಾದರೂ ‘ಬೆಂಗ್ರೆಯಲ್ಲಿದ್ದೇವೆ’ ಅಂದರೆ ಮಂಗಳೂರಿನವರು ತಣ್ಣೀರುಬಾವಿ ಬದಿಯ ಬೆಂಗ್ರೆ ಅಂದುಕೊಳ್ತಾರೆ. ಬರೀ ‘ಕೋಡಿ’ ಅಂದರೆ ಕುಂದಾಪುರದವರು ಅವರ ಕೋಡಿ ಅಂದುಕೊಳ್ತಾರೆ. ರಿಕ್ಷಾ, ಬಸ್ಸು, ದೋಣಿ ಎಲ್ಲ ಕಡೆ ಪೂರ್ತಿಯಾಗಿ ‘ಹೂಡೆ ಬದಿಯ ಕೋಡಿ ಬೆಂಗ್ರೆ’ ಅಂತಲೇ ಹೇಳಿ. ಮಾಬುಕಳದ ರಿಕ್ಷಾದವರಿಗಂತೂ ಬರೀ ‘ಹಂಗಾರಕಟ್ಟೆ ಕಡವು’ ಅಂದರೆ ಸಾಕು.