ಬಿಲ್ಡರ್ ಕೊಡುವುದು ದೇಣಿಗೆಯೋ, ವಂತಿಗೆಯೋ, ವರಾಡವೋ?

ಎಲ್ಲರಿಗೂ ನಮಸ್ಕಾರ.

ಲಂಡನ್ನಿನ ರಂಗಮಂದಿರಗಳಿಗೆ ದುಡ್ಡು, ಜಾಗ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರನೇ ಪುಟಕ್ಕೇ ಗಾಡಿ ನಿಂತಿದೆ. ಅಡ್ಡ ಬಂದಿರುವ ಮಾತು ‘ಡೆವಲಪರ್ ಕಾಂಟ್ರಿಬ್ಯೂಷನ್’, ಅಂದರೆ ಕಟ್ಟಡ ಎಬ್ಬಿಸುವ ಬಿಲ್ಡರ್ ಊರಿಗೆಂದು ಕೊಡುವ ಪಾಲು. ಅದಕ್ಕೊಂದು ಕನ್ನಡ ಪದ ಬೇಕು.

ಮೊದಲು ‘ಅಭಿವೃದ್ಧಿದಾರರ ದೇಣಿಗೆ’ ಎಂದು ಬರೆದು ಮುಂದೆ ಹೋಗಿದ್ದೆ. ಕರಡು ಓದಿದ ನನ್ನ ಹೆಂಡತಿ, “ಪರವಾಗಿಲ್ವೇ, ಅಲ್ಲಿ ಬಿಲ್ಡರುಗಳು ನಾಟಕಕ್ಕೂ ದಾನ ಕೊಡ್ತಾರಾ?” ಅಂದಳು. ಅನುವಾದ ಹಳ್ಳ ಹಿಡಿದದ್ದು ಆಗ ಗೊತ್ತಾಯಿತು.

ಅದು ದಾನವಲ್ಲ. ಇಂಗ್ಲೆಂಡಿನಲ್ಲಿ 1990ರ ಟೌನ್ ಅಂಡ್ ಕಂಟ್ರಿ ಪ್ಲಾನಿಂಗ್ ಕಾಯ್ದೆಯ 106ನೇ ಸೆಕ್ಷನ್ ಪ್ರಕಾರ, ಕಟ್ಟಡಕ್ಕೆ ಅನುಮತಿ ಕೊಡುವ ಮುಂಚೆ ಕೌನ್ಸಿಲ್ (ಅಲ್ಲಿನ ಸ್ಥಳೀಯ ಆಡಳಿತ) ಬಿಲ್ಡರ್ ಜತೆ ಕರಾರು ಮಾಡಿಕೊಳ್ಳಬಹುದು. ಇಷ್ಟು ಮನೆ ಎದ್ದರೆ ಇಷ್ಟು ಜನ ಬರುತ್ತಾರೆ, ಅವರಿಗೆ ಬೇಕಾದ್ದಕ್ಕೆ ನಿನ್ನ ಪಾಲು ಇಡು ಎನ್ನುವ ಲೆಕ್ಕ. ಬಾಯಿಗೆ ಬಂದಷ್ಟು ಕೇಳುವ ಹಾಗಿಲ್ಲ. ಕೇಳುವುದಕ್ಕೂ ಆ ಕಟ್ಟಡಕ್ಕೂ ನೇರ ಸಂಬಂಧ ಇರಬೇಕು, ಅದರ ಗಾತ್ರಕ್ಕೆ ತಕ್ಕಷ್ಟಿರಬೇಕು, ಅದಿಲ್ಲದೆ ಅನುಮತಿ ಕೊಡಲಾಗದು ಎನ್ನುವಂತಿರಬೇಕು. ಕರಾರಿನಲ್ಲಿ ಗಡುವು ಹಾಕಿದ್ದರೆ, ಅಷ್ಟರೊಳಗೆ ಖರ್ಚಾಗದ ಹಣ ಬಿಲ್ಡರ್‌ಗೆ ವಾಪಸ್. ಈಗ ಹೇಳಿ, ಕೊಟ್ಟ ದೇಣಿಗೆಯನ್ನು ವಾಪಸ್ ಪಡೆಯುವವರುಂಟೆ? ಖರ್ಚಾಗಲಿಲ್ಲವೆಂದು ತೆರಿಗೆ ಹಿಂದಿರುಗಿದ್ದುಂಟೆ?

‘ಶುಲ್ಕ’ ಎನ್ನೋಣವೆಂದರೆ ಇನ್ನೊಂದು ತೊಡಕು. ಎಷ್ಟೋ ಸಲ ಅಲ್ಲಿ ಕೈ ಬದಲಾಗುವುದು ದುಡ್ಡೇ ಅಲ್ಲ. ಟವರ್ ಬ್ರಿಜ್ ಪಕ್ಕ ಥೇಮ್ಸ್ ದಂಡೆಯಲ್ಲಿ ‘ಒನ್ ಟವರ್ ಬ್ರಿಜ್’ ಎಂಬ ಐಷಾರಾಮಿ ಅಪಾರ್ಟ್‌ಮೆಂಟುಗಳಿವೆ. ಸದರ್ಕ್ ಕೌನ್ಸಿಲ್ ಜತೆಗಿನ ಕರಾರಿನಂತೆ ಬರ್ಕ್ಲಿ ಕಂಪನಿ ಅಲ್ಲಿ ಕಲೆ-ಸಂಸ್ಕೃತಿಗೆಂದು ಜಾಗ ಬಿಡಬೇಕಿತ್ತು. 2017ರ ಅಕ್ಟೋಬರಿನಲ್ಲಿ 900 ಆಸನಗಳ ಬ್ರಿಜ್ ಥಿಯೇಟರ್ ತೆರೆದದ್ದು ಆ ಜಾಗದಲ್ಲೇ. ಗೋಡೆ, ಚಾವಣಿ ಕೊಟ್ಟದ್ದನ್ನು ಶುಲ್ಕ ಕಟ್ಟಿದರು ಎಂದು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ. 2010ರಿಂದ ಜಾರಿಗೆ ಬಂದ ‘ಕಮ್ಯುನಿಟಿ ಇನ್‌ಫ್ರಾಸ್ಟ್ರಕ್ಚರ್ ಲೆವಿ’ ಬೇರೆ ಮಾತು. ಅದು ಚದರ ಮೀಟರಿಗೆ ಇಷ್ಟು ಎಂದು ವಸೂಲಿ ಮಾಡುವಂಥದ್ದು, ‘ಕರ’ ಎಂದರೆ ಮುಗಿಯಿತು.

‘ವಂತಿಗೆ’ ಒಳ್ಳೆಯ ಪದ. ತೆಲುಗಿನವರು ಇವತ್ತಿಗೂ ಪಾಲಿಗೆ, ಸರದಿಗೆ ‘ವಂತು’ ಎನ್ನುತ್ತಾರೆ. ಆದರೆ ನಮ್ಮ ಪತ್ರಿಕೆಗಳು ಪ್ರತಿ ಜೂನ್‌ನಲ್ಲಿ ‘ಖಾಸಗಿ ಶಾಲೆಗಳ ವಂತಿಗೆ ಹಾವಳಿ’ ಎಂದು ಬರೆದು ಬರೆದು ಅದಕ್ಕೆ ರಸೀದಿಯಿಲ್ಲದ ದುಡ್ಡಿನ ವಾಸನೆ ಹತ್ತಿಸಿಬಿಟ್ಟಿವೆ. ‘ಬಿಲ್ಡರ್ ವಂತಿಗೆ’ ಎಂದರೆ ಓದುಗನಿಗೆ ಮೊದಲು ಹೊಳೆಯುವುದು ಮೇಜಿನ ಕೆಳಗಿನ ಕವರು.

ಕೊನೆಗೆ ನೆನಪಾದದ್ದು ‘ವರಾಡ’, ಊರಿನ ಕೆಲಸಕ್ಕೆಂದು ಮನೆಮನೆಯಿಂದ ಎತ್ತುವ ಪಾಲು. ನಾನು ಮಂಡ್ಯದ ಕಡೆಯವನು. ಯುಗಾದಿ ಕಳೆದ ಮೇಲೆ ಊರಲ್ಲಿ ಪೌರಾಣಿಕ ನಾಟಕ ಕಟ್ಟುವಾಗ ದೊಡ್ಡಪ್ಪ ಉದ್ದನೆಯ ನೋಟ್‌ಬುಕ್ ಕಂಕುಳಲ್ಲಿ ಇಟ್ಟುಕೊಂಡು ಮನೆಮನೆಗೆ ಹೋಗುತ್ತಿದ್ದರು. ಮನೆಗಿಷ್ಟು ಎಂದು ಮೊದಲೇ ಗೊತ್ತಾಗಿರುತ್ತಿತ್ತು. ಕಾಸಿಲ್ಲದವರು ರಾಗಿ ಅಳೆಯುತ್ತಿದ್ದರು, ಅದೂ ಲೆಕ್ಕಕ್ಕೆ ಬರುತ್ತಿತ್ತು. ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ ಎಲ್ಲವನ್ನೂ ನಾಟಕ ಮುಗಿದ ಮಾರನೇ ದಿನ ಅರಳಿಕಟ್ಟೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಒಂದು ವರ್ಷ ಉಳಿದ ಹಣದಲ್ಲಿ ಪೆಟ್ರೋಮ್ಯಾಕ್ಸ್ ಬಂತು. ಕೊಡಲೇಬೇಕು, ಇಂಥದ್ದಕ್ಕೇ ಅಂತ ಗೊತ್ತಿರಬೇಕು, ದುಡ್ಡೇ ಆಗಬೇಕೆಂದಿಲ್ಲ, ಲೆಕ್ಕ ಒಪ್ಪಿಸಬೇಕು. ಇಷ್ಟೂ ಗುಣ ಒಂದೇ ಪದದಲ್ಲಿ ಬೇರೆಲ್ಲೂ ನನಗೆ ಸಿಕ್ಕಿಲ್ಲ. ಒಂದು ಕೊರತೆ ಇದೆ, ಒಪ್ಪುತ್ತೇನೆ. ವರಾಡ ಊರವರೆಲ್ಲ ಕೊಡುವುದು, ಇಲ್ಲಿ ಕೊಡುವವನು ಕಟ್ಟಡ ಎಬ್ಬಿಸುವವನೊಬ್ಬನೇ.

ನಮ್ಮಲ್ಲಿ ಇದಕ್ಕೆ ಹತ್ತಿರದ ನೆಂಟ ಸಿ.ಎ. ಸೈಟು, ಅಂದರೆ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ನಿವೇಶನ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆಯ 16ನೇ ಸೆಕ್ಷನ್ನು, ಪ್ರಾಧಿಕಾರದ ಬಡಾವಣೆಯಲ್ಲಿ ಪಾರ್ಕು-ಆಟದ ಮೈದಾನಕ್ಕೆ ಕನಿಷ್ಠ ಶೇ 15, ಅದರ ಮೇಲೆ ನಾಗರಿಕ ಸೌಲಭ್ಯಕ್ಕೆ ಕನಿಷ್ಠ ಶೇ 10 ಜಾಗ ಮೀಸಲಿಡಬೇಕು ಎನ್ನುತ್ತದೆ. ಜೆ.ಪಿ. ನಗರದ ರಂಗಶಂಕರ ನಾಟಕಮಂದಿರ ಎದ್ದದ್ದು ಅಂಥ ಸೈಟಿನ ಮೇಲೆ. ಸೈಟಿಗೇನೋ ಹೆಸರಿದೆ, ಅದನ್ನು ಬಿಟ್ಟುಕೊಡುವ ಕ್ರಿಯೆಗೆ ನಾವು ಹೆಸರನ್ನೇ ಇಟ್ಟಿಲ್ಲ.

ಜತೆಗೆ ಇನ್ನೊಂದು ಸಣ್ಣ ತಲೆನೋವು. ‘ಕಮ್ಯುನಿಟಿ ಆರ್ಟ್ಸ್ ಫೆಸಿಲಿಟಿ’ಯನ್ನು ‘ಸಮುದಾಯ ಕಲಾ ಭವನ’ ಮಾಡಿದರೆ ಯಾವ ಸಮುದಾಯದವರದು ಎಂದು ಕೇಳುತ್ತಾರೆ. ಅಥವಾ ಮದುವೆಗೆ ಬಾಡಿಗೆ ಎಷ್ಟು ಎಂದು ವಿಚಾರಿಸುತ್ತಾರೆ. ಸದ್ಯಕ್ಕೆ ‘ಬಡಾವಣೆಯ ಕಲಾಮನೆ’ ಎಂದು ಇಟ್ಟಿದ್ದೇನೆ.

‘ಬಿಲ್ಡರ್ ವರಾಡ’ ಎಂದು ಬರೆದು ಕಳಿಸಿದ್ದಕ್ಕೆ ಸಂಪಾದಕರು ತಲೆಯಾಡಿಸಿಲ್ಲ. ಬೆಂಗಳೂರಿನ ಹುಡುಗರಿಗೆ ವರಾಡ ಅಂದರೆ ಗೊತ್ತಾಗುವುದಿಲ್ಲವಂತೆ. ‘ಕರಾರು ಪಾಲು’ ಆದೀತೇ ಎಂದು ಅವರೇ ಕೇಳಿದ್ದಾರೆ. ಸರಳವಾಗಿದೆ, ಆದರೆ ನನಗೆ ಸಪ್ಪೆ ಅನಿಸುತ್ತದೆ.

ಧಾರವಾಡ, ಬೆಳಗಾವಿ ಕಡೆಯವರು ವರಾಡಕ್ಕೆ ‘ಪಟ್ಟಿ’ ಎನ್ನುವುದನ್ನು ಕೇಳಿದ್ದೇನೆ. ಹೊರಗಿನಿಂದ ಬಂದು ವ್ಯಾಪಾರ ಮಾಡುವವನ ಹತ್ತಿರ ಊರಿನ ಕೆಲಸಕ್ಕೆಂದು ಎತ್ತಿದ್ದಕ್ಕೂ ಅದೇ ಪದವೋ, ಬೇರೆ ಇದೆಯೋ? ಕರಾವಳಿ, ಮಲೆನಾಡಿನವರ ಬಾಯಲ್ಲಿ ಏನಿದೆ? ಬರುವ ಸೋಮವಾರ ಬರಹ ಒಪ್ಪಿಸಬೇಕು, ಅಷ್ಟರೊಳಗೆ ತಿಳಿಸಿದರೆ ಉಪಕಾರವಾದೀತು.